ಹನ್ನೊಂದು ಸೆಕೆಂಡು

ನನ್ನ ಕೆಲಸ ಗಂಟೆ ಹೊಡೆಯುವುದು.
ಅಕ್ರಾದ ಬುಕೋಮಿನಲ್ಲಿ, ಕಡಲ ಬದಿಯ ಅಂಗಳದಲ್ಲಿ
ಇಪ್ಪತ್ತಾರು ವರ್ಷ ಬಾಕ್ಸಿಂಗ್ ನೋಡಿದವನು ಎನ್ನುತ್ತಾರೆ ಜನ.
ನೋಡಿದ್ದೆಲ್ಲಿ? ಕೇಳಿದ್ದೇನೆ.
ಬಲಗೈಯಲ್ಲಿ ಸುತ್ತಿಗೆ, ಎಡ ಅಂಗೈಯಲ್ಲಿ ಗಡಿಯಾರ,
ಕಣ್ಣು ಮುಳ್ಳಿನ ಮೇಲೆ.
ಮೂರು ನಿಮಿಷ ತಲೆ ಎತ್ತುವಂತಿಲ್ಲ.

ಕಿವಿಗೇ ಗೊತ್ತು ಯಾರು ಯಾರೆಂದು.

ಅಂಕ್ರಾ ಆಡುವ ರಾತ್ರಿ
ಒದ್ದೆ ಬಲೆಯನ್ನು ದೋಣಿಯಂಚಿಗೆ ಬಡಿದ ಸದ್ದು,
ಪಕ್ಕೆಗೊಂದು, ಪಕ್ಕೆಗೊಂದು, ಆಮೇಲೆ ದವಡೆಗೆ.
ಅದು ಬೇರೆ, ಒಣಕಡ್ಡಿ ಮುರಿದಂತೆ.
ಎದ್ದು ನಿಂತವರ ಬೆಂಚುಗಳ ಕಿರುಚು.
ಹುರಿದ ಮೀನು ಮಾರುವ ನಾ ಕೋಶಿ
ಚಿಲ್ಲರೆ ಕೊಡುವುದನ್ನೇ ಮರೆಯುತ್ತಾಳೆ.
ಒಂದು ಏಟು ಕೊಡಲು ಎರಡು ತಿನ್ನುವವನು ಅವನು;
ಕೊಟ್ಟ ಕಾಸಿಗೆ ಮೋಸವಿಲ್ಲ.
ಒಮ್ಮೆ ನನ್ನ ಗಡಿಯಾರದ ಗಾಜಿನ ಮೇಲೆ
ಬೆಚ್ಚಗೆ ಒಂದು ಹನಿ ಬಿತ್ತು. ಯಾರದೋ.
ಹೆಬ್ಬೆರಳಲ್ಲಿ ಒರೆಸಿ ಸೆಕೆಂಡು ಎಣಿಸಿದೆ.

ಸೋವಾ ಆಡಿದರೆ ಏನೂ ಕೇಳಿಸುವುದಿಲ್ಲ.
ಕ್ಯಾನ್ವಾಸಿನ ಮೇಲೆ ಬೂಟು, ಯಾರೋ ನೆಲ ಗುಡಿಸಿದ ಹಾಗೆ.
ಗಾಳಿ ಗುದ್ದಿ ಮೈ ನೋಯಿಸಿಕೊಂಡವರ ಏದುಸಿರು.
ಮೂರನೇ ಸುತ್ತಿಗೆ ಶಿಳ್ಳೆ ಶುರು,
ಐದನೆಯದಕ್ಕೆ ನೀರಿನ ಪೊಟ್ಟಣ ಹಾರಿ ಬರುತ್ತವೆ.
"ಕುಣಿಯೋಕೆ ಬಂದೆಯೇನೋ ಮದುವೆಗೆ?"
"ಹೊಡಿಯೋ, ಇಲ್ಲ ದುಡ್ಡು ವಾಪಸ್ ಕೊಡೋ!"
ಸುಳ್ಳೇಕೆ, ನಾನೂ ಬೈದಿದ್ದೇನೆ ತುಟಿಯೊಳಗೆ:
ಖಾರವಿಲ್ಲದ ಕೆಂಕಿ ಇವನು, ಗಂಟಲಲ್ಲಿ ಇಳಿಯುವುದಿಲ್ಲ.

ಆಮೇಲೆ ಇಬ್ಬರನ್ನೂ ಒಂದೇ ಹಗ್ಗದೊಳಗೆ ಬಿಟ್ಟರು,
ಮರುಭೂಮಿಯ ಧೂಳು ದೀಪಗಳಿಗೆ ಹಳದಿ ಹಚ್ಚಿದ್ದ
ಜನವರಿಯ ರಾತ್ರಿ.
ಏಳು ಸುತ್ತು ಕಳೆಯಿತು. ಎಂಟನೆಯದು.
ಎಲ್ಲಿ ಹೋಯಿತು ಆ ಒದ್ದೆ ಬಲೆಯ ಸದ್ದು?
ಅಂಕ್ರಾನ ಉಸಿರು ಇಲ್ಲೇ ಕೇಳುತ್ತಿದೆ, ಗೂಳಿಯದು,
ಹೊಡೆಯುತ್ತಿದ್ದಾನೆ, ಸಂಶಯವಿಲ್ಲ,
ಹೊಡೆತಗಳೆಲ್ಲ ಎಲ್ಲಿಗೆ ಹೋಗುತ್ತಿವೆ ಹಾಗಾದರೆ?
ಎರಡು ನಿಮಿಷ ಐವತ್ತೆರಡು.
ತಲೆ ಎತ್ತಿದೆ.

ಮೂಲೆಯಲ್ಲಿ ಸೋವಾ, ಬೆನ್ನಿಗೆ ಹಗ್ಗ.
ಓಡಲು ಗೇಣು ಜಾಗವಿಲ್ಲ, ಓಡುತ್ತಲೂ ಇಲ್ಲ.
ಮುಷ್ಟಿ ಬಂತು; ಕಿವಿ ಒಂದು ಬೆರಳಷ್ಟು ಆಚೆ ಸರಿಯಿತು.
ಇನ್ನೊಂದು ಬಂತು; ಗಲ್ಲ ಹೆಗಲ ಹಿಂದಿತ್ತು.
ಮೂರನೆಯದು ಹೊರಡುವ ಮೊದಲೇ
ಅವನು ಅದರ ವಿಳಾಸದಲ್ಲಿರಲಿಲ್ಲ.
ರೆಪ್ಪೆ ಹೊಡೆಯದ ಕಣ್ಣು
ಅಂಕ್ರಾನ ಭುಜವನ್ನು ಓದುತ್ತಿತ್ತು, ಬೆಸ್ತರು ನೀರು ಓದುವ ಹಾಗೆ.
ಓಡುಗುಳಿ ಎಂದು ಬೈದಿದ್ದೆವಲ್ಲ,
ಇಷ್ಟು ಹತ್ತಿರ ಯಾರೂ ಯಾರ ಎದುರೂ ನಿಂತದ್ದನ್ನು
ನಾನು ಕಂಡಿರಲಿಲ್ಲ.
ಕಂಡಿರಲೇ ಇಲ್ಲವಲ್ಲ, ಏನನ್ನೂ.

ಸುತ್ತಿಗೆ ಕೈಯಲ್ಲೇ ಇತ್ತು.

ಅವನೊಳಗೂ ಒಂದು ಗಡಿಯಾರವಿದ್ದಿರಬೇಕು,
ನನ್ನದಕ್ಕಿಂತ ನೆಟ್ಟಗಿನದು.
ಮೂರು ನಿಮಿಷ ತುಂಬಿತೆಂದು ಕೈ ಇಳಿಸಿದ,
ಎದುರು ಮೂಲೆಯ ಕಡೆ ಮುಖ ತಿರುಗಿಸಿದ.

ಆಗ ಸಿಕ್ಕಿತು ಜನಕ್ಕೆ ಅವರ ಸದ್ದು.

ಗಂಟೆ ಹೊಡೆದೆ. ಯಾರಿಗೆ ಕೇಳಬೇಕು?
ಬುಕೋಮಿಗೆ ಬುಕೋಮೇ ಎದ್ದು ನಿಂತಿತ್ತು.
ಈ ವರ್ಷದ ಆಟ ಅಂದರೆ ಇದು, ಎಂದು
ಯಾರೋ ನನ್ನ ಬೆನ್ನು ಚಪ್ಪರಿಸಿದರು.
ಮೂರು ನಿಮಿಷ, ಹನ್ನೊಂದು ಸೆಕೆಂಡು.
ಕಾಗದದಲ್ಲಿ ಮೂರು ಎಂದು ಬರೆದೆ.

ಸೋವಾ ಈಗ ಟೆಮಾ ರಸ್ತೆಯಲ್ಲಿ ಟ್ರೋಟ್ರೋ ವ್ಯಾನು ಓಡಿಸುತ್ತಾನೆ.
ಒಮ್ಮೆ ಹತ್ತಿದೆ, ಪಕ್ಕದ ಸೀಟೇ ಸಿಕ್ಕಿತು.
ಲಾರಿ, ಮೇಕೆ, ತಲೆ ಮೇಲೆ ಬೋಗುಣಿ ಹೊತ್ತ ಹುಡುಗಿ,
ಎಲ್ಲ ಒಂದು ಬೆರಳಷ್ಟು ಆಚೆ ಸರಿದು ಹೋದವು.
ಎಷ್ಟು ನಿಧಾನವಪ್ಪಾ ಇವನು, ಎಂದು ಹಿಂದಿನ ಸೀಟು ಗೊಣಗಿತು.

ಹೇಳಿಬಿಡಬೇಕೆಂದು ಬಾಯಿ ತೆರೆದೆ.
"ನಿಮ್ಮ ಗಂಟೆ ಅವತ್ತು," ಎಂದ ಅವನೇ, ಕನ್ನಡಿ ನೋಡುತ್ತ,
"ಸ್ವಲ್ಪ ತಡವಾಯಿತು, ಅಲ್ಲವಾ?"
ನೋಡುತ್ತಿದ್ದೆ, ಎಂದೆ.
ಅವನು ಗೇರು ಬದಲಿಸಿದ.
"ಒಬ್ಬರಾದರೂ."

ಚಿಲ್ಲರೆ ಬೇಡವೆಂದು ಇಳಿದು ಹೊರಟೆ.
ಹಿಂದೆಯೇ ಹುಡುಗನನ್ನು ಅಟ್ಟಿ
ಎಣಿಸಿ, ಪೂರ್ತಿ ಕೊಡಿಸಿದ.